ನೋಂದಣಿಯಾಗದ ಸಾಂಪ್ರದಾಯಿಕ ಮದುವೆ ಮತ್ತು ಮೃತ ಸಂಗಾತಿಯ ಆಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಂಗಳದ ಚಪ್ಪರದಲ್ಲೋ ಕುಲದೇವರ ಗುಡಿಯ ಮುಂದೆಯೋ ಹಿರಿಯರ ಸಮ್ಮುಖದಲ್ಲಿ ನಡೆದ ಮದುವೆಗೆ ಕರ್ನಾಟಕದಲ್ಲಿ ಎಷ್ಟೋ ಬಾರಿ ಕಚೇರಿಯ ಮುದ್ರೆ ಬಿದ್ದಿರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಬದುಕಿರುವ ತನಕ ಅದೊಂದು ಕೊರತೆಯೆಂದು ಯಾರಿಗೂ ಅನ್ನಿಸುವುದಿಲ್ಲ. ಒಬ್ಬರು ತೀರಿಕೊಂಡು, ಜಮೀನಿನ ಖಾತೆ ಬದಲಾಯಿಸಲು, ಬ್ಯಾಂಕಿನ ಠೇವಣಿ ಬಿಡಿಸಲು, ಕುಟುಂಬ ಪಿಂಚಣಿಗೆ ಅರ್ಜಿ ಹಾಕಲು ಹೋದಾಗ ಮಾತ್ರ ‘ನೀವು ಅವರ ಹೆಂಡತಿ ಎನ್ನುವುದಕ್ಕೆ ದಾಖಲೆ ಏನು’ ಎಂಬ ಪ್ರಶ್ನೆ ಎದುರಾಗುತ್ತದೆ. ಆ ಪ್ರಶ್ನೆಗೆ ಕಾನೂನಿನಲ್ಲಿ ಸ್ಪಷ್ಟವಾದ ಉತ್ತರವಿದೆ. ಕೆಳಗಿನ ವಿವರಣೆ ಮುಖ್ಯವಾಗಿ ಹಿಂದೂ ವಿವಾಹ ಕಾಯಿದೆ ಅನ್ವಯವಾಗುವವರನ್ನು, ಅಂದರೆ ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರೂ ಸೇರಿದಂತೆ ಆ ಕಾಯಿದೆಯ ವ್ಯಾಪ್ತಿಗೆ ಬರುವವರನ್ನು ಕುರಿತದ್ದು. ಉಳಿದವರ ವಿಷಯವನ್ನು ಪ್ರತ್ಯೇಕ ಪ್ರಶ್ನೆಯಲ್ಲಿ ಹೇಳಲಾಗಿದೆ.

ನಮ್ಮ ಮದುವೆ ನೋಂದಣಿಯಾಗಿರಲಿಲ್ಲ. ಹಾಗಾದರೆ ಅದು ಕಾನೂನಿನ ಪ್ರಕಾರ ಮದುವೆಯೇ ಅಲ್ಲವೇ?

ಅದು ಮದುವೆಯೇ. 1955ರ ಹಿಂದೂ ವಿವಾಹ ಕಾಯಿದೆಯ ಕಲಂ 7ರ ಪ್ರಕಾರ, ವಧು ಅಥವಾ ವರ ಇಬ್ಬರಲ್ಲಿ ಯಾರಾದರೊಬ್ಬರ ಕಡೆಯ ರೂಢಿಯ ಶಾಸ್ತ್ರ ಸಂಪ್ರದಾಯಗಳಂತೆ ಮದುವೆ ನಡೆದರೆ ಸಾಕು. ನೋಂದಣಿಯ ಬಗ್ಗೆ ಹೇಳುವ ಕಲಂ 8, ನೋಂದಣಿ ಮಾಡಿಸದಿದ್ದ ಮಾತ್ರಕ್ಕೆ ಮದುವೆಯ ಸಿಂಧುತ್ವಕ್ಕೆ ಧಕ್ಕೆಯಾಗದು ಎಂದು ತಾನೇ ಸ್ಪಷ್ಟಪಡಿಸಿದೆ. ಕರ್ನಾಟಕದಲ್ಲಿ ಮದುವೆಗಳ ನೋಂದಣಿಗೆಂದೇ 1976ರ ಪ್ರತ್ಯೇಕ ಕಾಯಿದೆ ಇದೆ, ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ನಿರ್ದೇಶನವನ್ನೂ ನೀಡಿದೆ. ಆದರೆ ಇವು ಯಾವುವೂ ನೋಂದಣಿಯಾಗದ ಮದುವೆಯನ್ನು ಅಳಿಸಿಹಾಕಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ತಿಳಿದಿರಬೇಕು. ಶಾಸ್ತ್ರವೇ ನಡೆಯದೆ ಬರೀ ಪ್ರಮಾಣಪತ್ರ ಪಡೆದುಕೊಂಡಿದ್ದರೆ ಅದರಿಂದ ಹಿಂದೂ ಮದುವೆ ಉಂಟಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಕಾನೂನಿನ ಕಣ್ಣು ಮೊದಲು ಹೋಗುವುದು ಚಪ್ಪರದಲ್ಲಿ ಏನು ನಡೆಯಿತು ಎಂಬುದರ ಕಡೆಗೆ, ಕಾಗದ ಅದರ ಪುರಾವೆಗಳಲ್ಲಿ ಒಂದು ಮಾತ್ರ. ‘ಸರ್ಟಿಫಿಕೇಟ್ ಇಲ್ಲದಿದ್ದರೆ ನೀವು ಹೆಂಡತಿಯಲ್ಲ’ ಎಂದು ಕಚೇರಿಯಲ್ಲಿ ಯಾರಾದರೂ ಹೇಳಿದರೆ ಅದು ಕಾನೂನಿನ ಮಾತಲ್ಲವೆಂದು ಧೈರ್ಯವಾಗಿ ತಿಳಿಯಿರಿ. ಕಾರಣ ಬರೆದ ಹಿಂಬರಹ ಕೇಳಿ ಪಡೆದುಕೊಳ್ಳಿ. ಮುಂದೆ ಮೇಲ್ಮನವಿಗೂ ನ್ಯಾಯಾಲಯಕ್ಕೂ ಅದು ಬೇಕಾಗುತ್ತದೆ.

ನಮ್ಮಲ್ಲಿ ಹೋಮವಾಗಲಿ ಸಪ್ತಪದಿಯಾಗಲಿ ಇಲ್ಲ. ತಾಳಿ ಕಟ್ಟಿ ಅಕ್ಷತೆ ಹಾಕುವುದಷ್ಟೇ. ಇದು ಸಾಕೇ?

ಸಾಕು, ಅದು ನಿಮ್ಮ ಸಮುದಾಯದ ರೂಢಿ ಎಂದು ತೋರಿಸಿದರೆ. ಕಲಂ 7 ಸಪ್ತಪದಿಯನ್ನು ಹೆಸರಿಸಿದ್ದರೂ, ಯಾರ ಸಂಪ್ರದಾಯದಲ್ಲಿ ಸಪ್ತಪದಿ ಸೇರಿದೆಯೋ ಅವರ ಮದುವೆ ಏಳನೆಯ ಹೆಜ್ಜೆಗೆ ಪೂರ್ಣವಾಗುತ್ತದೆ ಎಂದಷ್ಟೇ ಅದರ ಅರ್ಥ. ಎಲ್ಲರೂ ಏಳು ಹೆಜ್ಜೆ ಇಡಲೇಬೇಕೆಂದಲ್ಲ. ಕೊಡವರ ಮದುವೆಯಲ್ಲಿ ಪುರೋಹಿತರೂ ಇಲ್ಲ, ಅಗ್ನಿಯೂ ಇಲ್ಲ, ಹಿರಿಯರೇ ನಿಂತು ದಂಪತಿ ಮುಹೂರ್ತ ನಡೆಸುತ್ತಾರೆ. ತುಳುನಾಡಿನಲ್ಲಿ ಜೋಡಿಸಿದ ಕೈಗಳ ಮೇಲೆ ಧಾರೆ ಎರೆಯುವುದು ಮುಖ್ಯ. ಉತ್ತರ ಕರ್ನಾಟಕದ ಎಷ್ಟೋ ಮನೆತನಗಳಲ್ಲಿ ಗುರುಗಳ ಅಥವಾ ಜಂಗಮರ ಎದುರು ತಾಳಿ ಕಟ್ಟಿ ಅಕ್ಕಿಕಾಳು ಬಿದ್ದರೆ ಮದುವೆಯಾದಂತೆ. ಆದರೆ ರೂಢಿ ಎನ್ನುವುದಕ್ಕೆ ಕಾಯಿದೆಯಲ್ಲಿ ಒಂದು ಅಳತೆ ಇದೆ: ಅದು ಬಹುಕಾಲದಿಂದ, ಎಡೆಬಿಡದೆ, ಒಂದೇ ಬಗೆಯಲ್ಲಿ ನಡೆದುಬಂದಿರಬೇಕು, ನಿಶ್ಚಿತವಾಗಿರಬೇಕು, ಅಸಮಂಜಸವಾಗಿರಬಾರದು, ಸಾರ್ವಜನಿಕ ನೀತಿಗೆ ವಿರುದ್ಧವಾಗಿರಬಾರದು. ಆದ್ದರಿಂದ ನಿಮ್ಮ ಅರ್ಜಿಯಲ್ಲಿ ‘ಸಂಪ್ರದಾಯದಂತೆ ಮದುವೆಯಾಯಿತು’ ಎಂಬ ಒಂದು ಸಾಲು ಬರೆದು ಬಿಡಬಾರದು. ನಿಮ್ಮ ಕುಲದಲ್ಲಿ ಯಾವ ಶಾಸ್ತ್ರಕ್ಕೆ ಮದುವೆ ಪೂರ್ಣವಾಗುತ್ತದೆ, ನಿಮ್ಮ ಮದುವೆಯಲ್ಲಿ ಅದನ್ನು ಯಾರು, ಎಲ್ಲಿ, ಯಾರೆದುರು ನೆರವೇರಿಸಿದರು ಎಂಬುದನ್ನು ಬಿಡಿಸಿ ಬರೆಯಬೇಕು.

ನನ್ನದು ಉಡಿಕೆ ಮದುವೆ. ಗಂಡನ ಅಣ್ಣತಮ್ಮಂದಿರು ‘ಅದು ಮದುವೆಯಲ್ಲ, ಸುಮ್ಮನೆ ಕೂಡಿಕೊಂಡದ್ದು’ ಎನ್ನುತ್ತಿದ್ದಾರೆ.

ವಿಧವೆಯರ ಅಥವಾ ಗಂಡನಿಂದ ಬಿಡುಗಡೆಯಾದ ಹೆಣ್ಣುಮಕ್ಕಳ ಮರುಮದುವೆಯನ್ನು ಉಡಿಕೆ, ಸೀರುಡಿಕೆ, ಕೂಡಿಕೆ, ಕೂಡಾವಳಿ ಎಂಬ ಹೆಸರುಗಳಲ್ಲಿ ನಡೆಸುವ ಪದ್ಧತಿ ನಮ್ಮ ಅನೇಕ ಸಮುದಾಯಗಳಲ್ಲಿ ತಲೆಮಾರುಗಳಿಂದ ಇದೆ. ಸೀರೆ ಕೊಟ್ಟು, ಬಳೆ ತೊಡಿಸಿ, ತಾಳಿ ಕಟ್ಟಿ, ಕುಲದ ಹಿರಿಯರ ಮುಂದೆ ನಡೆಯುವ ಈ ಶಾಸ್ತ್ರ ಮೊದಲ ಮದುವೆಯಷ್ಟು ಅದ್ದೂರಿಯಾಗಿ ಇರುವುದಿಲ್ಲ, ಎಷ್ಟೋ ಕಡೆ ರಾತ್ರಿಯ ಹೊತ್ತು ಕೆಲವೇ ಜನರ ಎದುರು ನಡೆಯುತ್ತದೆ. ಅದ್ದೂರಿ ಕಡಿಮೆಯೆಂದು ಮದುವೆಯ ಬೆಲೆ ಕಡಿಮೆಯಾಗದು. ರೂಢಿ ಸಾಬೀತಾದರೆ ಉಡಿಕೆಯಾದ ಹೆಂಡತಿಯೂ ಕಾನೂನಿನ ಎದುರು ಪೂರ್ಣ ಹೆಂಡತಿಯೇ. ಈ ಹೆಣ್ಣುಮಕ್ಕಳನ್ನು ಗಂಡ ಸತ್ತ ಮೇಲೆ ‘ಇಟ್ಟುಕೊಂಡವಳು’ ಎಂದು ಕರೆದು ಹೊರಗಟ್ಟುವುದು ನಮ್ಮ ನಡುವಿನ ದೊಡ್ಡ ಅನ್ಯಾಯಗಳಲ್ಲಿ ಒಂದು. ಅದೇ ಕುಲದಲ್ಲಿ ಬೇರೆಯವರ ಉಡಿಕೆ ನಡೆದು, ಅವರಿಗೆ ಆಸ್ತಿಯಲ್ಲಿ ಪಾಲು ಸಿಕ್ಕಿದ ಉದಾಹರಣೆಗಳಿದ್ದರೆ ಅವನ್ನು ಸಾಕ್ಷ್ಯವಾಗಿ ತನ್ನಿ. ರೂಢಿಯನ್ನು ಸಾಬೀತುಪಡಿಸಲು ಇದಕ್ಕಿಂತ ಬಲವಾದದ್ದು ಅಪರೂಪ.

ಇಲ್ಲಿ ನಿಜವಾದ ತೊಡಕು ಬರುವುದು ಹಿಂದಿನ ಮದುವೆಯ ವಿಷಯದಲ್ಲಿ. ನಿಮ್ಮ ಮೊದಲ ಗಂಡ ತೀರಿಕೊಂಡಿದ್ದರೆ ಅವರ ಮರಣ ಪ್ರಮಾಣಪತ್ರ ಬೇಕು. ಸೋಡಚೀಟಿಯ (ರೂಢಿಯಂತೆ ಬರೆದುಕೊಡುವ ಬಿಡುಗಡೆ ಪತ್ರದ) ಮೂಲಕ ಬಿಡುಗಡೆಯಾಗಿದ್ದರೆ, ಕಾಯಿದೆಯ ಕಲಂ 29(2) ಅಂಥ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ, ನಿಜ. ಆದರೆ ಬಿಡುಗಡೆ ಪತ್ರ ಇದೆ ಎಂದ ಮಾತ್ರಕ್ಕೆ ಆಗದು, ಅಂಥ ವಿಚ್ಛೇದನದ ರೂಢಿ ನಮ್ಮ ಸಮುದಾಯದಲ್ಲಿದೆ ಎಂದು ಅರ್ಜಿಯಲ್ಲಿ ಹೇಳಿ ಸಾಕ್ಷ್ಯದಿಂದ ತೋರಿಸಬೇಕು ಎಂದು ಕರ್ನಾಟಕದಿಂದ ಹೋದ ಯಮನಾಜಿ ಜಾಧವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಮಾನಿಸಿದೆ.

ನ್ಯಾಯಾಲಯದಲ್ಲಿ ಏನನ್ನು, ಎಷ್ಟರ ಮಟ್ಟಿಗೆ ಸಾಬೀತುಪಡಿಸಬೇಕು?

ಎರಡು ವಿಷಯಗಳನ್ನು: ಮದುವೆಯ ಶಾಸ್ತ್ರ ನಡೆಯಿತು ಎಂಬುದು, ಅಲ್ಲಿಂದ ಸಾಯುವ ತನಕ ಗಂಡ ಹೆಂಡತಿಯಾಗಿ ಬಾಳಿದಿರಿ ಮತ್ತು ಊರು ನಿಮ್ಮನ್ನು ಹಾಗೆಯೇ ಕಂಡಿತು ಎಂಬುದು. ಎರಡೂ ಗಟ್ಟಿಯಾಗಿದ್ದರೆ ಒಳ್ಳೆಯದು, ಒಂದು ಸಡಿಲವಿದ್ದರೆ ಇನ್ನೊಂದು ಅದನ್ನು ಎತ್ತಿ ಹಿಡಿಯುತ್ತದೆ.

ಆಸ್ತಿಯ ವ್ಯಾಜ್ಯ ಸಿವಿಲ್ ಸ್ವರೂಪದ್ದು. ದ್ವಿಪತ್ನಿತ್ವದ ಕ್ರಿಮಿನಲ್ ಪ್ರಕರಣದಲ್ಲಿ ಶಾಸ್ತ್ರದ ಪ್ರತಿಯೊಂದು ಅಂಗವನ್ನೂ ಕಟ್ಟುನಿಟ್ಟಾಗಿ ರುಜುವಾತುಪಡಿಸಬೇಕು. ಸಿವಿಲ್ ದಾವೆಯಲ್ಲಿ ಯಾವ ಕಡೆಯ ಮಾತು ಹೆಚ್ಚು ಸಂಭವನೀಯ ಎಂಬುದನ್ನು ನ್ಯಾಯಾಧೀಶರು ತೂಗಿ ನೋಡುತ್ತಾರೆ. ಕ್ರಿಮಿನಲ್ ತೀರ್ಪುಗಳನ್ನು ಉಲ್ಲೇಖಿಸಿ ‘ಸಪ್ತಪದಿಯ ಸಾಕ್ಷ್ಯವಿಲ್ಲ’ ಎಂದು ಎದುರು ಪಕ್ಷ ವಾದಿಸುವುದು ಸಾಮಾನ್ಯ. ಈ ವ್ಯತ್ಯಾಸವನ್ನು ನಿಮ್ಮ ವಕೀಲರು ಮೊದಲ ದಿನವೇ ನ್ಯಾಯಾಲಯದ ಗಮನಕ್ಕೆ ತರಬೇಕು.

2024ರ ಜುಲೈ 1ರಿಂದ ಹಳೆಯ 1872ರ ಸಾಕ್ಷ್ಯ ಕಾಯಿದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ ಕಲಂ 44ರಂತೆ, ಕುಟುಂಬವನ್ನು ಹತ್ತಿರದಿಂದ ಬಲ್ಲವರು ಇವರಿಬ್ಬರನ್ನು ಗಂಡ ಹೆಂಡತಿಯೆಂದು ನಂಬಿ ನಡೆದುಕೊಂಡ ರೀತಿಯೇ ಸಾಕ್ಷ್ಯವಾಗುತ್ತದೆ. ಮೈದುನನ ಮದುವೆಯ ಲಗ್ನಪತ್ರಿಕೆಯಲ್ಲಿ ನಿಮ್ಮಿಬ್ಬರ ಹೆಸರು ಒಟ್ಟಿಗೆ ಅಚ್ಚಾಗಿದ್ದರೆ, ಅತ್ತೆಮಾವನ ತಿಥಿಯಲ್ಲಿ ಸೊಸೆಯಾಗಿ ನೀವು ಮಾಡಿದ ಕಾರ್ಯವನ್ನು ನೆಂಟರು ಕಂಡಿದ್ದರೆ, ಇಂದು ನಿರಾಕರಿಸುತ್ತಿರುವವರೇ ಅಂದು ನಿಮ್ಮನ್ನು ಅತ್ತಿಗೆ ಎಂದು ಸಂಬೋಧಿಸಿ ಬರೆದ ಪತ್ರವಿದ್ದರೆ, ಅವೆಲ್ಲವೂ ಈ ಕಲಮಿನ ಅಡಿ ಬರುತ್ತವೆ. ವ್ಯಾಜ್ಯ ಹುಟ್ಟುವ ಮೊದಲು ಮೃತರೇ ತಮ್ಮ ಸಂಬಂಧದ ಬಗ್ಗೆ ಬರೆದಿಟ್ಟ ಅಥವಾ ಹೇಳಿದ ಮಾತು ಕಲಂ 26ರಂತೆ ಗ್ರಾಹ್ಯ. ಅದಕ್ಕೇ ಸೇವಾ ಪುಸ್ತಕದಲ್ಲಿ ಅವರು ಬರೆಸಿದ ಕುಟುಂಬದ ವಿವರ ಬಹಳ ತೂಕದ್ದು.

ಯಾವ ಯಾವ ಕಾಗದಪತ್ರಗಳನ್ನು ಹುಡುಕಬೇಕು?

ಮದುವೆಯ ದಿನಕ್ಕೆ ಸೇರಿದವು ಒಂದು ಬಗೆ: ಲಗ್ನಪತ್ರಿಕೆ, ಛತ್ರದ ಅಥವಾ ದೇವಸ್ಥಾನದ ರಸೀದಿ, ಫೋಟೊ, ವಿಡಿಯೊ, ಒಡವೆ ಅಂಗಡಿಯ ಚೀಟಿ. ಬಹಳ ಜನ ಮರೆತುಬಿಡುವುದು ಮುಯ್ಯಿ ಪುಸ್ತಕವನ್ನು. ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಮದುವೆಯ ದಿನ ಒಬ್ಬರು ಕುಳಿತು ಬರೆದ ಆ ಪುಸ್ತಕದಲ್ಲಿ ದಿನಾಂಕವೂ, ವಧೂವರರ ಹೆಸರೂ, ಬಂದವರ ಹೆಸರೂ ಒಟ್ಟಿಗೆ ಸಿಗುತ್ತವೆ. ಸಾಕ್ಷಿಗಳನ್ನು ಗುರುತಿಸಲೂ ಅದೇ ದಾರಿ ತೋರಿಸುತ್ತದೆ. ಸಾಮೂಹಿಕ ವಿವಾಹದಲ್ಲಿ ಮದುವೆಯಾಗಿದ್ದರೆ ಏರ್ಪಡಿಸಿದ ಕ್ಷೇತ್ರದ ಅಥವಾ ಸಂಸ್ಥೆಯ ವಹಿಯಲ್ಲಿ ನಮೂದು ಇರುತ್ತದೆ. ಧರ್ಮಸ್ಥಳದಲ್ಲಿ 1972ರಿಂದಲೂ ಇಂಥ ಮದುವೆಗಳು ನಡೆಯುತ್ತಿವೆ. ದೃಢೀಕೃತ ಪ್ರತಿಗಾಗಿ ಏರ್ಪಡಿಸಿದವರಿಗೆ ಲಿಖಿತವಾಗಿ ಕೇಳಿ.

ಬಾಳ್ವೆಗೆ ಸೇರಿದವು ಇನ್ನೊಂದು ಬಗೆ. ಪಡಿತರ ಚೀಟಿ, ಮತದಾರರ ಪಟ್ಟಿ, ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ, ಹೆರಿಗೆಯ ಸಮಯದ ತಾಯಿ ಕಾರ್ಡ್, ನರೇಗಾ ಜಾಬ್ ಕಾರ್ಡ್, ಜಂಟಿ ಖಾತೆಯ ಪಾಸ್‌ಬುಕ್, ಜೀವವಿಮೆಯ ಪಾಲಿಸಿ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಸಹಿ ಹಾಕಿದ ಒಪ್ಪಿಗೆ ಪತ್ರ, ಇವುಗಳಲ್ಲಿ ಹಳೆಯದಕ್ಕೆ ಹೆಚ್ಚು ಬೆಲೆ. ಸಾವಿನ ನಂತರ ಮಾಡಿಸಿದ ಅಥವಾ ತಿದ್ದಿಸಿದ ಕಾಗದವನ್ನು ನ್ಯಾಯಾಲಯ ಅನುಮಾನದಿಂದಲೇ ನೋಡುತ್ತದೆ. ಮೊಬೈಲಿನ ಫೋಟೊ, ವಿಡಿಯೊಗಳನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ವಿದ್ಯುನ್ಮಾನ ದಾಖಲೆಗೆ ಬೇಕಾದ ಪ್ರಮಾಣಪತ್ರ ಜೊತೆಗಿರಬೇಕು. ಮೂಲ ಮೊಬೈಲನ್ನೂ ಮೆಮೊರಿ ಕಾರ್ಡನ್ನೂ ಜೋಪಾನವಾಗಿಡಿ. ಮರಣ ಪ್ರಮಾಣಪತ್ರ ಬರೆಸುವಾಗ ಸಂಗಾತಿಯ ಹೆಸರಿನ ಕಾಲಂ ಸರಿಯಾಗಿ ತುಂಬಿದೆಯೇ ಎಂದು ಆ ದುಃಖದ ನಡುವೆಯೂ ಮನೆಯವರೊಬ್ಬರು ನೋಡಿಕೊಳ್ಳುವುದು ಒಳ್ಳೆಯದು.

ಮದುವೆ ನೋಡಿದವರೆಲ್ಲ ಮುದುಕರು. ಕೇಸು ಮುಗಿಯುವ ತನಕ ಇರುತ್ತಾರೋ ಇಲ್ಲವೋ.

ಈ ಪುಟದಲ್ಲಿ ಒಂದೇ ಒಂದು ಸಲಹೆ ಕೊಡಬಹುದಾಗಿದ್ದರೆ ನಾನು ಕೊಡುವುದು ಇದನ್ನೇ: ಹಿರಿಯರ ಸಾಕ್ಷ್ಯವನ್ನು ಮುಂದೂಡಬೇಡಿ. ಕಾಗದವನ್ನು ಐದು ವರ್ಷ ಬಿಟ್ಟೂ ಹುಡುಕಬಹುದು, ಧಾರೆ ಎರೆದ ಸೋದರಮಾವನ ನೆನಪನ್ನು ಹಾಗೆ ಹುಡುಕಲಾಗದು. ದಾವೆ ದಾಖಲಾದ ಮೇಲೆ, ಸಾಕಷ್ಟು ಕಾರಣವಿದ್ದರೆ ಸಾಕ್ಷಿಯನ್ನು ಸರದಿ ಕಾಯದೆ ಕೂಡಲೇ ವಿಚಾರಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 18, ನಿಯಮ 16 ಅವಕಾಶ ಕೊಡುತ್ತದೆ. ಹಾಸಿಗೆ ಹಿಡಿದವರಾದರೆ ಆದೇಶ 26ರಂತೆ ಕೋರ್ಟ್ ಕಮಿಷನರ್ ಮನೆಗೇ ಬಂದು ಹೇಳಿಕೆ ದಾಖಲಿಸಬಹುದು. ನೋಟರಿ ಮುಂದೆ ಮಾಡಿಸಿಟ್ಟ ಅಫಿಡವಿಟ್ಟು ಇದಕ್ಕೆ ಬದಲಿಯಾಗದು. ಎದುರು ಪಕ್ಷದ ಪಾಟೀಸವಾಲಿಗೆ ಒಳಗಾದ ಹೇಳಿಕೆಗೇ ಪೂರ್ಣ ಬೆಲೆ. ಸಾಕ್ಷಿಗಳನ್ನು ಆರಿಸುವಾಗ ನಿಮ್ಮ ತವರಿನವರನ್ನಷ್ಟೇ ನೆಚ್ಚಿಕೊಳ್ಳದೆ ಪುರೋಹಿತರು, ಜಂಗಮರು, ಓಲಗದವರು, ಅಡುಗೆಯವರು, ನೆರೆಮನೆಯವರು, ಸಾಧ್ಯವಾದರೆ ಗಂಡನ ಕಡೆಯವರೇ ಆದ ಒಬ್ಬರು, ಹೀಗೆ ಆಸ್ತಿಯಲ್ಲಿ ಪಾಲಿಲ್ಲದವರನ್ನು ಕೇಳಿನೋಡಿ.

ಮದುವೆ ಕಂಡವರು ಯಾರೂ ಉಳಿದಿಲ್ಲ. ಫೋಟೊ ಕೂಡ ಇಲ್ಲ. ಆದರೆ ನಲವತ್ತು ವರ್ಷ ಒಟ್ಟಿಗೆ ಬಾಳಿದ್ದೇವೆ.

ಆ ಬಾಳ್ವೆಯೇ ನಿಮ್ಮ ಸಾಕ್ಷಿ. ಗಂಡು ಹೆಣ್ಣು ದೀರ್ಘಕಾಲ ಗಂಡ ಹೆಂಡತಿಯಾಗಿ ಒಟ್ಟಿಗೆ ಬದುಕಿದ್ದರೆ ಅವರ ಮದುವೆಯಾಗಿದೆ ಎಂದು ನ್ಯಾಯಾಲಯ ಪೂರ್ವಭಾವನೆ ಮಾಡಿಕೊಳ್ಳಬಹುದು. ಅಲ್ಲವೆಂದು ತೋರಿಸುವ ಭಾರ ಅಲ್ಲಗಳೆಯುವವರ ಮೇಲೆ ಬೀಳುತ್ತದೆ. 1978ರ ಬದ್ರಿ ಪ್ರಸಾದ್ ಪ್ರಕರಣದಲ್ಲಿ ಸುಮಾರು 50 ವರ್ಷ ಒಟ್ಟಿಗೆ ಬಾಳಿದ ದಂಪತಿಯ ಮದುವೆಯನ್ನು ಅಲ್ಲಗಳೆದಾಗ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಅರ್ಧ ಶತಮಾನದ ನಂತರ ಪುರೋಹಿತರನ್ನೂ ಪ್ರತ್ಯಕ್ಷದರ್ಶಿಗಳನ್ನೂ ಕರೆತನ್ನಿ ಎಂದು ಕೇಳತೊಡಗಿದರೆ ಯಾರ ಮದುವೆಯೂ ಉಳಿಯದು ಎಂಬುದು ಆ ತೀರ್ಪಿನ ತಿರುಳು. 2022ರಲ್ಲಿ ಕೇರಳದ ಪಾಲು ವಿಭಾಗದ ಪ್ರಕರಣವೊಂದರಲ್ಲಿಯೂ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ.

ಈ ಪೂರ್ವಭಾವನೆ ಮುರಿಯಲಾಗದ್ದಲ್ಲ. ಇಬ್ಬರಲ್ಲಿ ಒಬ್ಬರಿಗೆ ಆಗ ಬೇರೆ ಸಂಗಾತಿ ಬದುಕಿದ್ದರು ಎಂದು ಸಾಬೀತಾದರೆ ಅದು ನಿಲ್ಲುವುದಿಲ್ಲ, ಎಷ್ಟೇ ವರ್ಷ ಬಾಳಿದ್ದರೂ.

ನಾನು ಸೋದರಮಾವನನ್ನೇ ಮದುವೆಯಾದವಳು. ಅದು ನಿಷಿದ್ಧ ಸಂಬಂಧ, ಮದುವೆ ಅನೂರ್ಜಿತ ಎಂದು ನೋಟಿಸು ಬಂದಿದೆ.

ಕಾಯಿದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ಸಂಬಂಧವೂ, ಅತ್ತೆ ಮಾವನ ಮಕ್ಕಳ ನಡುವಿನ ಸಂಬಂಧವೂ ಸೇರಿವೆ. ಆದರೆ ಇಬ್ಬರಿಗೂ ಅನ್ವಯಿಸುವ ರೂಢಿ ಅದಕ್ಕೆ ಅನುಮತಿ ಕೊಟ್ಟರೆ ನಿಷೇಧವಿಲ್ಲ ಎಂದು ಕಲಂ 5(iv) ಹೇಳುತ್ತದೆ. ಕರ್ನಾಟಕದಲ್ಲಿ ಇಂಥ ಮದುವೆಗಳು ಎಷ್ಟು ಸಾಮಾನ್ಯವೆಂದು ಎಲ್ಲರಿಗೂ ಗೊತ್ತು. ಆದರೂ ಗೊತ್ತಿರುವ ವಿಷಯವೆಂದು ಬಿಡದೆ, ರೂಢಿ ಇದೆ ಎಂದು ಲಿಖಿತವಾಗಿ ವಾದಿಸಿ, ಅದೇ ಮನೆತನದಲ್ಲಿ ಹಿಂದೆ ನಡೆದ ಇಂಥ ಮದುವೆಗಳ ವಿವರ ಕೊಡಿ.

ಮದುವೆಯಾದಾಗ ನನಗೆ 18 ತುಂಬಿರಲಿಲ್ಲ. ಇದು ತೊಂದರೆಯೇ?

ಮದುವೆ ಯಾವಾಗ ನಡೆಯಿತು ಎಂಬುದರ ಮೇಲಿದೆ. ಹಿಂದೂ ವಿವಾಹ ಕಾಯಿದೆಯಲ್ಲಿ ವಯಸ್ಸಿನ ಕೊರತೆಯಿಂದ ಮದುವೆ ಅನೂರ್ಜಿತವಾಗುವುದಿಲ್ಲ, ಆದ್ದರಿಂದ ಹಳೆಯ ಮದುವೆಗಳಿಗೆ ಈ ಕಾರಣಕ್ಕೆ ಧಕ್ಕೆಯಿಲ್ಲ. ಆದರೆ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿ 2017ರಲ್ಲಿ ಜಾರಿಯಾದ ಮೇಲೆ ರಾಜ್ಯದಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಶೂನ್ಯ. ಅಂಥ ಸಂದರ್ಭದಲ್ಲಿ ವಕೀಲರ ಸಲಹೆಯಿಲ್ಲದೆ ಯಾವ ಹೇಳಿಕೆಗೂ ಸಹಿ ಮಾಡಬೇಡಿ.

ಅವರಿಗೆ ಮೊದಲ ಹೆಂಡತಿ ಇದ್ದರು. ನನಗೆ ಮತ್ತು ನನ್ನ ಮಕ್ಕಳಿಗೆ ಏನೂ ಸಿಗುವುದಿಲ್ಲವೇ?

ನಿಮ್ಮ ಮದುವೆಯ ದಿನ ಮೊದಲ ಹೆಂಡತಿ ಬದುಕಿದ್ದು, ಅವರ ಮದುವೆ ನ್ಯಾಯಾಲಯದಿಂದಾಗಲಿ ರೂಢಿಯಿಂದಾಗಲಿ ಕೊನೆಗೊಂಡಿರದಿದ್ದರೆ, ಹಿಂದೂ ವಿವಾಹ ಕಾಯಿದೆಯ ಕಲಂ 11ರ ಪ್ರಕಾರ ಎರಡನೆಯ ಮದುವೆ ಶೂನ್ಯ, ವಿಧವೆಯಾಗಿ ನಿಮಗೆ ವಾರಸಾ ಹಕ್ಕು ಬರುವುದಿಲ್ಲ. ಇದು ಕಠಿಣವಾದ ಮಾತು. ನಿಮ್ಮನ್ನು ಮದುವೆಯಾದವರು ಮೊದಲ ಮದುವೆಯನ್ನು ಮುಚ್ಚಿಟ್ಟಿದ್ದರೂ ಫಲ ಇದೇ ಆಗುತ್ತದೆ. ಅವರು ನಿಮ್ಮ ಹೆಸರಿಗೆ ಉಯಿಲು ಬರೆದಿದ್ದರೆ ಅವರ ಸ್ವಂತ ಆಸ್ತಿಯ ಮಟ್ಟಿಗೆ ಅದು ನಡೆಯುತ್ತದೆ, ಮದುವೆಯ ಸಿಂಧುತ್ವದ ಪ್ರಶ್ನೆ ಅಲ್ಲಿ ಅಡ್ಡಬರುವುದಿಲ್ಲ.

ಮಕ್ಕಳ ಸ್ಥಿತಿ ಬೇರೆ. ಅದೇ ಕಾಯಿದೆಯ ಕಲಂ 16 ಅವರನ್ನು ಔರಸ (ಕಾನೂನುಬದ್ಧ) ಮಕ್ಕಳೆಂದೇ ಗುರುತಿಸಿ ತಂದೆತಾಯಿಯ ಆಸ್ತಿಯಲ್ಲಿ ಹಕ್ಕು ಕೊಡುತ್ತದೆ. ಒಟ್ಟುಕುಟುಂಬದ ಆಸ್ತಿಯಲ್ಲಿ ಅವರಿಗೆ ಏನು ಬರುತ್ತದೆ ಎಂಬ ಪ್ರಶ್ನೆ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2011ರಿಂದ ಬಾಕಿಯಿದ್ದು, 2023ರ ಸೆಪ್ಟೆಂಬರ್ 1ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತೀರ್ಮಾನಿಸಿತು. ಸಾವಿಗೆ ತುಸು ಮುನ್ನ ಪಾಲಾಗಿದ್ದರೆ ತಂದೆಗೆ ಎಷ್ಟು ಬರುತ್ತಿತ್ತೋ ಆ ಭಾಗದಲ್ಲಿ ಈ ಮಕ್ಕಳೂ ಪಾಲುದಾರರು, ಆದರೆ ಒಟ್ಟುಕುಟುಂಬದಲ್ಲಿ ಹುಟ್ಟಿನಿಂದ ಬರುವ ಸಹಭಾಗಿತ್ವ ಅವರಿಗಿಲ್ಲ.

ತಹಶೀಲ್ದಾರರ ಕಚೇರಿಯ ವಂಶವೃಕ್ಷದಲ್ಲಿ ನನ್ನ ಹೆಸರು ಬಿಟ್ಟಿದ್ದಾರೆ. ಮೈದುನಂದಿರ ಹೆಸರಿಗೆ ಪೌತಿ ಖಾತೆಯೂ (ಮೃತರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದು) ಆಗಿಹೋಗಿದೆ.

ವಂಶವೃಕ್ಷವಾಗಲಿ, ನಾಡಕಚೇರಿಯಲ್ಲಿ ಕೊಡುವ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರವಾಗಲಿ ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಅರ್ಜಿದಾರರು ಕೊಟ್ಟ ಮಾಹಿತಿ ಮತ್ತು ಗ್ರಾಮ ಆಡಳಿತ ಅಧಿಕಾರಿಯ ಸ್ಥಳ ವಿಚಾರಣೆಯ ಮೇಲೆ ಅವು ತಯಾರಾಗುತ್ತವೆ. ಪಹಣಿಯ ನಮೂದಿಗೂ ಇದೇ ಮಾತು: ಅದು ಕಂದಾಯದ ದಾಖಲೆ, ಒಡೆತನದ ಅಂತಿಮ ಪುರಾವೆಯಲ್ಲ. ಆದರೂ ಕೈಕಟ್ಟಿ ಕೂರುವಂತಿಲ್ಲ. ಪೌತಿ ಖಾತೆ ಇನ್ನೂ ಬಾಕಿಯಿದ್ದರೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಆಗ ಅದು ವಿವಾದಿತ ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಆಗಿಹೋಗಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ ಕಲಂ 136ರಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗಬೇಕು. ಮದುವೆ ನಡೆದಿದೆಯೋ ಇಲ್ಲವೋ ಎಂಬುದನ್ನು ಕಂದಾಯ ಅಧಿಕಾರಿಗಳು ತೀರ್ಮಾನಿಸಲಾರರು. ತಕರಾರು ಅಲ್ಲಿಗೆ ಬಂದು ನಿಂತರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಲು ಹೇಳುತ್ತಾರೆ. ಅಲ್ಲಿ ವರ್ಷಗಳನ್ನು ಕಳೆದು ಆಮೇಲೆ ದಾವೆ ಹಾಕುವುದಕ್ಕಿಂತ ಎರಡನ್ನೂ ಒಟ್ಟಿಗೇ ನಡೆಸುವುದು ಲೇಸು, ಏಕೆಂದರೆ ಘೋಷಣಾ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ.

ಹಾಗಾದರೆ ಯಾವ ನ್ಯಾಯಾಲಯಕ್ಕೆ, ಯಾವ ಅರ್ಜಿ?

ಕೈಗೆ ಬರಬೇಕಾದದ್ದು ಏನು ಎಂಬುದರಿಂದ ಇದು ನಿರ್ಧಾರವಾಗುತ್ತದೆ. ಬ್ಯಾಂಕಿನ ಠೇವಣಿ, ಷೇರು, ಭವಿಷ್ಯನಿಧಿ, ಮೃತರಿಗೆ ಬರಬೇಕಿದ್ದ ಸಾಲ, ಇಂಥವಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಕಲಂ 372ರಂತೆ ಉತ್ತರಾಧಿಕಾರ ಪ್ರಮಾಣಪತ್ರ ಬೇಡಬೇಕು. ಜನ ಇದನ್ನು ಸಕ್ಸೆಷನ್ ಸರ್ಟಿಫಿಕೇಟ್ ಎನ್ನುತ್ತಾರೆ. ಮೃತರು ಸಾಮಾನ್ಯವಾಗಿ ವಾಸವಿದ್ದ ಸ್ಥಳದ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು, ಅದರಲ್ಲಿ ಹತ್ತಿರದ ಎಲ್ಲ ಬಂಧುಗಳ ಹೆಸರು ವಿಳಾಸಗಳಿರಬೇಕು. ವಿರೋಧಿಸುವವರ ಹೆಸರನ್ನು ಬಿಟ್ಟುಬಿಟ್ಟರೆ ಸಲೀಸಾಗುತ್ತದೆ ಎಂಬ ಯೋಚನೆ ಬೇಡ, ಅದೇ ಕಾರಣಕ್ಕೆ ಕಲಂ 383ರಂತೆ ಪ್ರಮಾಣಪತ್ರ ರದ್ದಾಗಬಹುದು. ವಿಚಾರಣೆ ಸಂಕ್ಷಿಪ್ತ ಸ್ವರೂಪದ್ದು. ಮದುವೆಯ ಪ್ರಶ್ನೆ ತುಂಬಾ ಜಟಿಲವೆನಿಸಿದರೂ ಮೇಲ್ನೋಟಕ್ಕೆ ಯಾರ ಹಕ್ಕು ಬಲವಾಗಿದೆಯೋ ಅವರಿಗೆ ನ್ಯಾಯಾಲಯ ಪ್ರಮಾಣಪತ್ರ ಕೊಡಬಹುದು. ಆ ತೀರ್ಮಾನ ಅಂತಿಮವಲ್ಲ, ಅದೇ ಪ್ರಶ್ನೆಯನ್ನು ಮುಂದೆ ಪೂರ್ಣ ದಾವೆಯಲ್ಲಿ ಎತ್ತಲು ಕಲಂ 387 ದಾರಿ ಬಿಟ್ಟಿದೆ.

ಜಮೀನು, ಮನೆ, ನಿವೇಶನಗಳಿಗೆ ಈ ಪ್ರಮಾಣಪತ್ರ ಸಲ್ಲದು. ಅವಕ್ಕೆ ಪಾಲು ವಿಭಾಗದ ದಾವೆ ಹೂಡಿ, ಅದರೊಳಗೇ ನೀವು ಮೃತರ ಪತ್ನಿ ಎಂಬ ಘೋಷಣೆಯನ್ನೂ ಕೇಳಿಕೊಳ್ಳುವುದು ವಾಡಿಕೆ. ಆಸ್ತಿಯ ಮಾತಿಲ್ಲದೆ ಬರೀ ಪತ್ನಿಯೆಂಬ ಸ್ಥಾನಮಾನದ ಘೋಷಣೆ ಬೇಕಿದ್ದರೆ, ಉದಾಹರಣೆಗೆ ಪಿಂಚಣಿ ಕಚೇರಿ ಅಷ್ಟನ್ನೇ ಕೇಳಿದ್ದರೆ, ಅದು 1984ರ ಕೌಟುಂಬಿಕ ನ್ಯಾಯಾಲಯ ಕಾಯಿದೆಯಂತೆ ಕೌಟುಂಬಿಕ ನ್ಯಾಯಾಲಯಕ್ಕೆ ಸೇರಿದ್ದು.

ನಾಮಿನಿಯಾಗಿ ಅವರ ತಮ್ಮನ ಹೆಸರಿದೆ. ಹಣವೆಲ್ಲ ಅವನಿಗೇ ಸೇರುವುದೇ?

ಇಲ್ಲ. ನಾಮಿನಿ ಹಣ ಪಡೆದುಕೊಳ್ಳುವವನೇ ಹೊರತು ಒಡೆಯನಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ ವಿಮೆಯ ವಿಷಯದಲ್ಲಿ 1983ರಲ್ಲಿ, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ವಿಮಾ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ ನಾಮಿನಿಯು ಸಂಗಾತಿ, ತಂದೆತಾಯಿ ಅಥವಾ ಮಕ್ಕಳಾಗಿದ್ದರೆ ಆ ಹಣ ಅವರದೇ ಆಗುತ್ತದೆ. ತಮ್ಮ ಈ ಪಟ್ಟಿಯಲ್ಲಿಲ್ಲ. ಬ್ಯಾಂಕು ನಾಮಿನಿಗೆ ಹಣ ಕೊಡುವ ಮೊದಲೇ ನ್ಯಾಯಾಲಯದ ತಡೆಯಾಜ್ಞೆ ತರಬೇಕು. ಕೊಟ್ಟುಬಿಟ್ಟ ಮೇಲೆ ಬ್ಯಾಂಕನ್ನು ಕೇಳುವಂತಿಲ್ಲ, ನಾಮಿನಿಯ ಬೆನ್ನು ಹತ್ತಬೇಕಾಗುತ್ತದೆ.

ದಾವೆ ನಡೆಯುವಾಗಲೇ ಜಮೀನು ಮಾರುತ್ತಿದ್ದಾರೆ.

ದಾವೆಯ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ, ಸಿಕ್ಕ ಆದೇಶದ ಪ್ರತಿಯನ್ನು ಉಪನೋಂದಣಾಧಿಕಾರಿ ಕಚೇರಿಗೂ ತಹಶೀಲ್ದಾರರಿಗೂ ಸ್ವೀಕೃತಿ ಪಡೆದು ಕೊಡಿ. ದಾವೆ ಬಾಕಿಯಿರುವಾಗ ಕೊಂಡವರು ಆಸ್ತಿ ವರ್ಗಾವಣೆ ಕಾಯಿದೆಯ ಕಲಂ 52ರಂತೆ ತೀರ್ಪಿಗೆ ಬದ್ಧರು.

ಮದುವೆ ಸಾಬೀತಾದರೆ ಎಷ್ಟು ಪಾಲು?

ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಸ್ವಂತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮೊದಲ ದರ್ಜೆಯ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ತಾಯಿ ಮತ್ತು ಪ್ರತಿ ಮಗ, ಪ್ರತಿ ಮಗಳಿಗೆ ಸಮನಾದ ಒಂದೊಂದು ಪಾಲು. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಉಳಿದಿದ್ದರೆ ನಾಲ್ವರಿಗೂ ಕಾಲು ಕಾಲು ಭಾಗ. ಮೃತರ ತಂದೆಯೂ ಅಣ್ಣತಮ್ಮಂದಿರೂ ಎರಡನೆಯ ದರ್ಜೆಯವರು, ಮೊದಲ ದರ್ಜೆಯಲ್ಲಿ ಒಬ್ಬರಿದ್ದರೂ ಅವರಿಗೆ ಏನೂ ಬರುವುದಿಲ್ಲ. ಮಕ್ಕಳಿಲ್ಲದ ವಿಧವೆಯ ಮದುವೆಯನ್ನೇ ಅಲ್ಲಗಳೆಯುವ ಪ್ರಯತ್ನ ಹೆಚ್ಚಾಗಿ ಎಲ್ಲಿಂದ ಬರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ತೀರಿಕೊಂಡವಳು ನನ್ನ ಹೆಂಡತಿ. ಗಂಡನಾದ ನನಗೂ ಇದೇ ನಿಯಮವೇ?

ಮದುವೆಯನ್ನು ಸಾಬೀತುಪಡಿಸುವ ಬಗೆ ಒಂದೇ, ಪಾಲಿನ ಲೆಕ್ಕ ಬೇರೆ. ಹಿಂದೂ ಉತ್ತರಾಧಿಕಾರ ಕಾಯಿದೆಯ ಕಲಂ 15ರಂತೆ ಅವಳ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ ಹೋಗುತ್ತದೆ. ಆದರೆ ಮಕ್ಕಳಿಲ್ಲದೆ ತೀರಿಕೊಂಡರೆ, ಅವಳಿಗೆ ತಂದೆತಾಯಿಯಿಂದ ವಾರಸಾ ಬಂದ ಆಸ್ತಿ ಅವಳ ತಂದೆಯ ವಾರಸುದಾರರಿಗೆ ಮರಳುತ್ತದೆ, ಗಂಡನಿಗೆ ಬರುವುದಿಲ್ಲ. ಹೆಣ್ಣಿನ ಕಡೆಯಿಂದ ವಂಶ, ಆಸ್ತಿ ಎಣಿಸುವ ಅಳಿಯಸಂತಾನ ಪದ್ಧತಿಗೆ ಸೇರಿದ ಕರಾವಳಿಯ ಕುಟುಂಬಗಳಿಗೆ ಕಲಂ 17 ಪ್ರತ್ಯೇಕ ಕ್ರಮ ಹಾಕಿಕೊಟ್ಟಿದೆ: ಮೊದಲು ಮಕ್ಕಳು ಮತ್ತು ತಾಯಿ, ಅವರಿಲ್ಲದಿದ್ದರೆ ತಂದೆ ಮತ್ತು ಗಂಡ. ಬಂಟ, ಬಿಲ್ಲವ ಮನೆತನಗಳ ಗಂಡಂದಿರು ಇದನ್ನು ಮೊದಲೇ ತಿಳಿದುಕೊಂಡು ವಕೀಲರ ಬಳಿ ಹೋಗುವುದು ಒಳ್ಳೆಯದು.

ಮುಸ್ಲಿಮರು, ಕ್ರೈಸ್ತರು, ಪರಿಶಿಷ್ಟ ಪಂಗಡದವರ ವಿಷಯವೇನು?

ಮುಸ್ಲಿಮರಲ್ಲಿ ನಿಕಾಹ್‌ನಾಮಾ, ಮಸೀದಿಯ ವಹಿ, ಖಾಜಿ ಮತ್ತು ಸಾಕ್ಷಿಗಳ ಹೇಳಿಕೆ ಮುಖ್ಯ, ದೀರ್ಘ ಸಹಬಾಳ್ವೆಯ ಪೂರ್ವಭಾವನೆ ಅವರಿಗೂ ಇದೆ. ವಿಧವೆಯ ಪಾಲು ಮಕ್ಕಳಿದ್ದರೆ ಎಂಟನೆಯ ಒಂದು, ಇಲ್ಲದಿದ್ದರೆ ನಾಲ್ಕನೆಯ ಒಂದು. ಕ್ರೈಸ್ತರ ಮದುವೆ ಚರ್ಚಿನ ವಹಿಯಲ್ಲಿ ದಾಖಲಾಗುವುದರಿಂದ ಈ ತೊಡಕು ಅವರಿಗೆ ಅಪರೂಪ. ಪರಿಶಿಷ್ಟ ಪಂಗಡಗಳಿಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಹಿಂದೂ ವಿವಾಹ ಮತ್ತು ಉತ್ತರಾಧಿಕಾರ ಕಾಯಿದೆಗಳು ಅನ್ವಯಿಸುವುದಿಲ್ಲ. ಸೋಲಿಗರಾಗಲಿ ಜೇನುಕುರುಬರಾಗಲಿ ತಮ್ಮ ಕುಲದ ಕಟ್ಟಳೆಯನ್ನೇ ಸಾಕ್ಷ್ಯದ ಮೂಲಕ ನ್ಯಾಯಾಲಯದ ಮುಂದಿಡಬೇಕು. ಕುಲದ ಯಜಮಾನರ ಹೇಳಿಕೆಗೆ ಇಲ್ಲಿ ವಿಶೇಷ ಬೆಲೆಯಿದೆ.

ಈಗ, ಅವರು ತೀರಿಕೊಂಡ ಮೇಲೆ, ಮದುವೆ ನೋಂದಣಿ ಮಾಡಿಸಬಹುದೇ?

ಉಪನೋಂದಣಾಧಿಕಾರಿ ಕಚೇರಿಯ ಅರ್ಜಿಗೆ ಇಬ್ಬರ ಸಹಿಯೂ ಬೇಕಾದ್ದರಿಂದ ಆ ದಾರಿಯನ್ನು ನೆಚ್ಚಿಕೊಳ್ಳುವಂತಿಲ್ಲ, ನ್ಯಾಯಾಲಯದ ಘೋಷಣೆಯೇ ಅದರ ಸ್ಥಾನದಲ್ಲಿ ನಿಲ್ಲುತ್ತದೆ. ಹಳೆಯ ದಿನಾಂಕ ಹಾಕಿ ಕಾಗದ ಮಾಡಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳ ಮಾತಿಗೆ ಸಿಕ್ಕಿಕೊಳ್ಳಬೇಡಿ. ಒಂದು ಸುಳ್ಳು ದಾಖಲೆ ನಿಮ್ಮ ನಿಜವಾದ ಮದುವೆಯ ಸಾಕ್ಷ್ಯವನ್ನೆಲ್ಲ ಕೆಡಿಸುತ್ತದೆ, ಕ್ರಿಮಿನಲ್ ಪ್ರಕರಣಕ್ಕೂ ದಾರಿಯಾಗುತ್ತದೆ. ಇಬ್ಬರೂ ಬದುಕಿರುವ ದಂಪತಿಗಳು, ಅದರಲ್ಲೂ ಮಂತ್ರ ಮಾಂಗಲ್ಯದಂಥ ಸರಳ ವಿವಾಹವಾದವರು, ಇಂದೇ ನೋಂದಣಿ ಮಾಡಿಸಿಕೊಳ್ಳುವುದು ಕ್ಷೇಮ. ತಮಿಳುನಾಡಿನಲ್ಲಿ ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಕ್ಕೆ ಇರುವಂಥ ಪ್ರತ್ಯೇಕ ಕಲಂ ಕರ್ನಾಟಕದಲ್ಲಿ ಇಲ್ಲ. ಬೇರೆ ವಿಧಿಯಲ್ಲಿ ಆದ ಮದುವೆಯನ್ನೂ 1954ರ ವಿಶೇಷ ವಿವಾಹ ಕಾಯಿದೆಯ ಕಲಂ 15ರಂತೆ ನೋಂದಾಯಿಸಬಹುದು.

ವಕೀಲರಿಗೆ ಕೊಡಲು ಹಣವಿಲ್ಲ.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಕಲಂ 12ರಂತೆ ಹೆಣ್ಣುಮಕ್ಕಳೆಲ್ಲರೂ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಪರಿಶಿಷ್ಟ ಜಾತಿ ಮತ್ತು ಪಂಗಡದ ಗಂಡಸರಿಗೂ ಈ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ನ್ಯಾಯಾಲಯದ ಸಮಿತಿಯಲ್ಲಿ ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಅರ್ಜಿ ಬರೆದುಕೊಡಬಹುದು. ಮರಣ ಪ್ರಮಾಣಪತ್ರ, ಆಸ್ತಿಯ ಪಹಣಿ ಅಥವಾ ಖಾತೆಯ ಪ್ರತಿ, ನಿಮ್ಮ ಬಳಿಯಿರುವ ಹಳೆಯ ಕಾಗದಗಳು ಮತ್ತು ಮದುವೆ ಕಂಡವರ ಹೆಸರಿನ ಪಟ್ಟಿಯನ್ನು ಜೊತೆಗೆ ಒಯ್ಯಿರಿ.

ಮುಂದೆ ನಾನು ಮರುಮದುವೆಯಾದರೆ ಸಿಕ್ಕಿದ ಪಾಲನ್ನು ಹಿಂತಿರುಗಿಸಬೇಕೇ?

ಬೇಕಿಲ್ಲ. ಗಂಡ ತೀರಿಕೊಂಡ ಕ್ಷಣದಲ್ಲೇ ಪಾಲು ನಿಮಗೆ ಸೇರಿಬಿಟ್ಟಿದೆ, ಹಿಂದೂ ಉತ್ತರಾಧಿಕಾರ ಕಾಯಿದೆಯ ಕಲಂ 14ರಂತೆ ಅದು ನಿಮ್ಮ ಸಂಪೂರ್ಣ ಒಡೆತನದ ಆಸ್ತಿ. ಮರುಮದುವೆಯಾದ ಕೆಲವು ವಿಧವೆಯರನ್ನು ಹೊರಗಿಡುತ್ತಿದ್ದ ಅದೇ ಕಾಯಿದೆಯ ಕಲಂ 24ನ್ನು 2005ರಲ್ಲೇ ತೆಗೆದುಹಾಕಲಾಗಿದೆ. ಕುಟುಂಬ ಪಿಂಚಣಿ ಮಾತ್ರ ಆಯಾ ಸೇವಾ ನಿಯಮಗಳಿಗೆ ಒಳಪಟ್ಟದ್ದು, ಸಾಮಾನ್ಯವಾಗಿ ಮರುಮದುವೆಯ ತನಕ ಸಿಗುತ್ತದೆ.